ಎರಡನೇ ಮರದ ಸಾಬೂನು

ಜಾಲಿ ಮರದ ಟೊಂಗೆಗೆ ಕಟ್ಟಿದ್ದ ಬಲೆಚೀಲದಲ್ಲಿ ಸಾಬೂನು ತೂಗುತ್ತಿತ್ತು. ಆ ಮರದಲ್ಲಿ ಸಾಬೂನು ಇರಲೇಬಾರದಿತ್ತು!

ಜನರ ಆರೋಗ್ಯದ ರೂಢಿಗಳನ್ನು ಬದಲಿಸುವ ಉಪಾಯ ಹುಡುಕಿ, ಅದು ಫಲಿಸುತ್ತದೆಯೇ ಎಂದು ಪರೀಕ್ಷಿಸಲು ಕಲಿಸುವ ಸಂಶೋಧನಾ ತರಬೇತಿಯಲ್ಲಿದ್ದೆ. ಗೋಗಿ ಎಂಬ ಊರಿನ ಹತ್ತಿರ, ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ಎರಡು ಗುಂಪುಗಳಿದ್ದವು. ಒಂದು ಗುಂಪು ಬುತ್ತಿ ಬಿಚ್ಚುವ ಮರಕ್ಕೆ ನಾನೇ ಸಾಬೂನು ಕಟ್ಟಿದ್ದೆ. ಇನ್ನೊಂದಕ್ಕೆ ಏನೂ ಕೊಡದೆ, ಉಣ್ಣುವ ಮುಂಚೆ ಸಾಬೂನಿನಿಂದ ಕೈ ತೊಳೆಯುವ ರೂಢಿ ಬರುತ್ತದೆಯೇ ಎಂದು ಎರಡನ್ನೂ ಹೋಲಿಸಿ ನೋಡಬೇಕಿತ್ತು.

“ಇಲ್ಲಿ ಯಾರು ಕಟ್ಟಿದ್ದು?” ಎಂದೆ.

“ನಾವೇ ರಿ,” ಎಂದು ಆ ಎರಡನೇ ಗುಂಪಿನ ಹಿರಿಯಾಕೆ ಭೀಮವ್ವ ನಕ್ಕರು. “ಮೊನ್ನಿ ಆ ಗದ್ದಿಗೆ ಮುಯ್ಯಾಳು ಹೋಗಿದ್ವಿ, ಕೈ ಘಮ್ಮಂದ್ವು. ಈಗ ಬರೇ ನೀರಾಗ ತೊಳದ್ರ ರೊಟ್ಟಿ ಇಳಿವಲ್ದು.”

ಇಂದು ಇವರು ಅವರ ಗದ್ದೆಗೆ, ನಾಳೆ ಅವರು ಇವರ ಗದ್ದೆಗೆ ದುಡಿಯಲು ಹೋಗುತ್ತಾರೆಂಬುದು ನನಗೆ ಹೊಳೆದೇ ಇರಲಿಲ್ಲ; ನನ್ನ ಹೋಲಿಕೆ ಅಲ್ಲಿಗೇ ಕೆಟ್ಟಿತ್ತು. ಪೆಚ್ಚಾಗಿ ನಿಂತವಳಿಗೆ ಭೀಮವ್ವ ರೊಟ್ಟಿ ನೀಡಿದರು. ನಾನು ಕೈ ಚಾಚಿದ್ದೇ ತಡ, ರೊಟ್ಟಿ ಹಿಂದಕ್ಕೆ ಹೋಯಿತು.

“ಮೊದ್ಲ ಕೈ ತೊಳಕೊಂಡ್ ಬರ್ರಿ, ಮೇಡಂ!”

ಗದ್ದೆಗೆ ಗದ್ದೆಯೇ ನಕ್ಕಿತು. ಅಷ್ಟು ಖುಷಿಯಿಂದ ನಾನು ಯಾವ ಪರೀಕ್ಷೆಯಲ್ಲೂ ಫೇಲಾಗಿಲ್ಲ.