ದರ ಎಂಬ ಪದ

ಕುದ್ರೋಳಿಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅಪ್ಪನಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ, ಮನೆಮಾತು ಬ್ಯಾರಿ. ಪುಸ್ತಕ ಕೈಗೆ ಕೊಟ್ಟರೆ ಎಲ್ಲಿಯೂ ತಡವರಿಸದೆ, ಒತ್ತಕ್ಷರ ನುಂಗದೆ ಓದುತ್ತಿದ್ದಳು. ಮಧ್ಯಾಹ್ನದ ಮೇಲೆ ನನ್ನ ಗಂಟಲು ಸೋತಾಗಲೆಲ್ಲ ಪಾಠ ಓದುವ ಕೆಲಸ ಅವಳದೇ. ತರಗತಿಯಲ್ಲಿ ಅವಳಿಗಿದ್ದ ಒಂದೇ ಹೆಮ್ಮೆ ಅದು ಎಂದು ನನಗೆ ತಿಳಿದದ್ದು ತಡವಾಗಿ.

ಒಂದು ದಿನ ಅವಳು ಓದಿದಳು: 'ಮೇಲ್ಮೈ ವಿಸ್ತೀರ್ಣ ಹೆಚ್ಚಾದಂತೆ ಆವೀಕರಣದ ದರ ಹೆಚ್ಚುತ್ತದೆ.'

"ಇಲ್ಲಿ ದರ ಅಂದ್ರೆ ಎಂತ?" ಸುಮ್ಮನೆ ಕೇಳಿದೆ.

"ಕ್ರಯ ಅಲ್ಲವಾ ಟೀಚರ್? ಮೀನಿಗೆ ಎಷ್ಟು ಅಂತ ಕೇಳುವುದು?"

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಅವಳು ಪುಸ್ತಕ ಮುಚ್ಚಿ ಕುಳಿತಳು.

ಮರುದಿನ ಓದಲು ಹೇಳಿದಾಗ, "ಗಂಟಲು ನೋವುಂಟು ಟೀಚರ್" ಎಂದಳು. ಅದರ ಮರುದಿನವೂ ಅದೇ ಮಾತು. ಮತ್ತೆ ನಾನು ಕೇಳುವುದನ್ನೇ ಬಿಟ್ಟೆ.

ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ನನಗೆ ನಾಚಿಕೆಯಾಯಿತು. ಅಂದು ನಕ್ಕ ಮಕ್ಕಳೆಲ್ಲ ಅದೇ ವಾಕ್ಯವನ್ನು ಪುಸ್ತಕದಲ್ಲಿದ್ದ ಹಾಗೆಯೇ ಬರೆದಿದ್ದರು. ಉದಾಹರಣೆ ಕೊಡಿ ಎಂದಲ್ಲಿ ಬಹುಪಾಲು ಜಾಗ ಖಾಲಿ. ದರ ಎಂದರೆ ಏನೆಂದು ಅವರಿಗೂ ಗೊತ್ತಿರಲಿಲ್ಲ. ಅವಳು ಮಾತ್ರ ತನಗೆ ಗೊತ್ತಿದ್ದ ಅರ್ಥವನ್ನು ಬಾಯಿಬಿಟ್ಟು ಹೇಳಿದ್ದಳು.

ಸ್ಟಾಫ್ ರೂಮಿನಲ್ಲಿ ಇದನ್ನು ಗಣಿತದ ಸರ್ ಹತ್ತಿರ ಹೇಳಿದೆ. ನಿವೃತ್ತಿಗೆ ಹತ್ತಿರವಿದ್ದವರು.

"ಓದಿ ಅರ್ಥ ಮಾಡಿಸುವುದು ಕನ್ನಡ ಪಂಡಿತರ ಕೆಲಸ ಅಲ್ವಾ? ನಮ್ಮ ಪೋರ್ಷನ್ ಯಾರು ಮುಗಿಸುವುದು ಮಾರಾಯ್ರೆ?" ಎಂದರು. ಮತ್ತೆ ಮೇಜಿನ ಮೇಲಿದ್ದ ಗಣಿತದ ಪುಸ್ತಕ ಎಳೆದುಕೊಂಡು, "ನನ್ನ ಪುಸ್ತಕದಲ್ಲಿ ಬಡ್ಡಿ ದರ ಉಂಟು. ಅದನ್ನೂ ನಾನು ಬಿಡಿಸಿ ಹೇಳಿದ್ದಿಲ್ಲ. ಸೂತ್ರ ಕೊಟ್ಟದ್ದು ಮಾತ್ರ" ಎಂದರು.

ಅಲ್ಲಿಂದ ಅವರು, ನಾನು, ಸಮಾಜದ ಟೀಚರ್ ಮೂವರೂ ಒಂದೇ ಕ್ರಮ ಹಿಡಿದೆವು. ಒಂದು ಪ್ಯಾರಾ ಓದಿದ ಮೇಲೆ ಪುಸ್ತಕ ಮುಚ್ಚಬೇಕು. ಓದಿದ್ದನ್ನು ಪಕ್ಕದವರಿಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಬೇಕು. ಎಲ್ಲಿ ಅರ್ಥ ತಪ್ಪಿತೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಲೆಕ್ಕವಾದರೆ, ಕೇಳಿದ್ದು ಏನೆಂದು ತನ್ನ ಮಾತಿನಲ್ಲಿ ಹೇಳದೆ ಬಿಡಿಸುವಂತಿಲ್ಲ. ಪಾಠ ಹಿಂದೆ ಬಿತ್ತು. ಹೆಡ್‌ಮಿಸ್ ಎರಡು ಸಲ ಕರೆದು ಕೇಳಿದರು.

ಆದರೆ ಆ ಹುಡುಗಿ ತುಟಿ ಬಿಚ್ಚಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಹಾಜರಿ ಕರೆದ ಮೇಲೆ ಎಲ್ಲರ ಎದುರಿಗೇ ಹೇಳಿದೆ: "ಅವತ್ತು ನಾನು ನಕ್ಕದ್ದು ತಪ್ಪು. ದರಕ್ಕೆ ಅವಳು ಹೇಳಿದ ಅರ್ಥವೂ ಸರಿಯೇ. ಎಷ್ಟು ಬೇಗ ಆಗ್ತದೆ ಅಂತ ಇನ್ನೊಂದು ಅರ್ಥ ಉಂಟು, ಅದನ್ನು ನಾನು ಮೊದಲೇ ಹೇಳಬೇಕಿತ್ತು." ಯಾರೂ ನಗಲಿಲ್ಲ. ಅವಳು ಡೆಸ್ಕನ್ನೇ ನೋಡುತ್ತಿದ್ದಳು.

ವಾರ ಕಳೆದ ಮೇಲೆ ಅದೇ ಆವೀಕರಣದ ಪಾಠವನ್ನು ಮತ್ತೆ ಓದಿಸುತ್ತಿದ್ದಾಗ ಅವಳ ಕೈ ಮೇಲೆದ್ದಿತು.

"ಟೀಚರ್, ಇಲ್ಲಿ ನನಗೆ ಅರ್ಥ ತಪ್ಪಿತು. ಮೀನು ಹರಡಿ ಹಾಕಿದ್ರೆ ಬೇಗ ಒಣಗ್ತದೆ, ರಾಶಿ ಹಾಕಿದ್ರೆ ಇಲ್ಲ. ಮೇಲ್ಮೈ ಅಂದ್ರೆ ಅದಾ?"

"ಅದೇ," ಎಂದೆ.

ಮರುವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಅವಳು ಅಂಕಪಟ್ಟಿ ಹಿಡಿದುಕೊಂಡು ಶಾಲೆಗೆ ಬಂದಳು. ಪಾಸಾಗಿದ್ದಳು, ವಿಜ್ಞಾನದಲ್ಲೇ ಅಂಕ ಎಲ್ಲಕ್ಕಿಂತ ಕಡಿಮೆ. ನನ್ನ ಮುಖ ಸಪ್ಪಗಾದದ್ದನ್ನು ಅವಳು ಗಮನಿಸಿರಬೇಕು.

"ಅರ್ಥ ಆದದ್ದು ಮಾತ್ರ ಬರೆದದ್ದು ಟೀಚರ್," ಎಂದಳು. "ಉಳಿದದ್ದು ಬಾಯಿಪಾಠ ಇತ್ತು. ಬರೆಯಲಿಕ್ಕೆ ಮನಸ್ಸಾಗಲಿಲ್ಲ."

ಬರೆಯಬೇಕಿತ್ತು ಎಂಬ ಮಾತೂ, ಬರೆಯದಿದ್ದದ್ದು ಒಳ್ಳೆಯದಾಯಿತು ಎಂಬ ಮಾತೂ ಒಟ್ಟಿಗೇ ನನ್ನ ಬಾಯಿಗೆ ಬಂದವು. ಅವಳ ಕೈ ಹಿಡಿದುಕೊಂಡು ಗೇಟಿನವರೆಗೆ ನಡೆದೆ.