ದೂರು ಹಿಂಪಡೆಯದ ಶೈಲಾ

ವಿಜಯಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಶೈಲಾ ಕೊಂಢವಾ ಬಡಾವಣೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಒಂದು ಸಂಜೆ ಚೌಕದ ಸಭೆಯಲ್ಲಿ ಸ್ವಾಮಿಯೊಬ್ಬ, ಮುಸಲ್ಮಾನರನ್ನು ಓಣಿಯಿಂದ ಓಡಿಸಿರೆಂದು ಮೈಕಿನಲ್ಲಿ ಅರಚಿದ. ಜನ ಚಪ್ಪಾಳೆ ತಟ್ಟಿದರು. ಶೈಲಾ ಎದ್ದು ನಿಂತು, ಇದು ಧರ್ಮದ ಮಾತಲ್ಲವೆಂದು ಮರಾಠಿಯಲ್ಲೇ ಕೂಗಿ ಹೇಳಿದಳು. ಮರುದಿನ ಗೆಳತಿಯರೊಂದಿಗೆ ಹೋಗಿ ಪೊಲೀಸರಿಗೆ ದೂರನ್ನೂ ಕೊಟ್ಟಳು.

ಸ್ವಾಮಿಯನ್ನು ಯಾರೂ ಕರೆದು ಕೇಳಲಿಲ್ಲ. ಗಿರಣಿಗೆ ಜೋಳ ತರುವವರು ಕಡಿಮೆಯಾದರು. ಗೆಳತಿಯರೂ ಹಿಂದೆ ಸರಿದರು. ಕೊನೆಗೆ, ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಕಲಬುರಗಿಯ ನಸೀಮಾ ಬಂದಳು.

"ದೂರು ವಾಪಸ್ ತಗೋರಿ, ಅಕ್ಕಾರ. ಅವರ ಸಿಟ್ಟು ನಮ್ಮ ಮ್ಯಾಲೆ ಬೀಳ್ತದ."

"ನಿಮ್ಮ ಸಲುವಾಗೇ ನಿಂತೀನಲ್ಲ, ನಸೀಮಾ?"

"ಗೊತ್ತದ್ರಿ. ಆದ್ರ ನಾವು ಮನಿ ಖಾಲಿ ಮಾಡ್ಲಿಕತ್ತೀವಿ."

ಆದರೂ ಶೈಲಾ ದೂರು ಹಿಂಪಡೆಯಲಿಲ್ಲ. ಸ್ವಾಮಿ ಮತ್ತೆ ಬಂದ ದಿನ 'ಇದು ಧರ್ಮದ ಮಾತಲ್ಲ' ಎಂದು ಬರೆದ ಫಲಕ ಹಿಡಿದು ಚೌಕದಲ್ಲಿ ಒಬ್ಬಳೇ ನಿಂತಳು. ಜನ ಅವಳನ್ನು ದಾಟಿಕೊಂಡು ಹೋಗಿ ಮುಂದಿನ ಕುರ್ಚಿಗಳಲ್ಲಿ ಕೂತರು.