ಹದಿನಾಲ್ಕು ಮನೆಯ ಹೆಸರು

ಕಾರ್ಖಾನೆಯ ಕಾರ್ಡಿನಲ್ಲಿ ಒಬ್ಬ ಮನುಷ್ಯನ ಹೆಸರಿಗೆ ಹದಿನಾಲ್ಕು ಮನೆಗಳಿದ್ದವು. ಒಂದು ಮನೆಗೆ ಒಂದು ಇಂಗ್ಲಿಷ್ ಅಕ್ಷರ. ಅಕ್ಷರವೆಂದರೂ ಬರಹವಲ್ಲ, ತೂತು. ಕಮಲಾಕ್ಷಮ್ಮ ಕೀಲಿ ಒತ್ತಿದರೆ ದಪ್ಪ ಕಾಗದದಲ್ಲಿ ತೂತು ಬೀಳುತ್ತಿತ್ತು. ಪಕ್ಕದ ಕೋಣೆಯ ದೊಡ್ಡ ಯಂತ್ರ ಆ ತೂತುಗಳನ್ನು ಓದಿ ಸಂಬಳದ ಕವರಿನ ಮೇಲೆ ಹೆಸರು ಅಚ್ಚು ಮಾಡುತ್ತಿತ್ತು. ಮೊದಲ ಮನೆ ತಂದೆಯ ಇಲ್ಲವೇ ಗಂಡನ ಹೆಸರಿನ ಮೊದಲಕ್ಷರಕ್ಕೆ. ಎರಡನೆಯದು ಖಾಲಿ. ಉಳಿದ ಹನ್ನೆರಡರಲ್ಲಿ ಮನುಷ್ಯ ಹಿಡಿಸಬೇಕು, ಹಿಡಿಸದಿದ್ದರೆ ಕತ್ತರಿಸಬೇಕು. ರಾಜಾಜಿನಗರದ ಆ ಹೊಸ ಕಾರ್ಖಾನೆಯಲ್ಲಿ, ಐವತ್ತೆಂಟನೆಯ ಇಸವಿಯಲ್ಲಿ, ಕತ್ತರಿಸುವುದು ಅವಳ ಕೆಲಸವಾಗಿತ್ತು.

ಅವಳ ಹೆಸರೇ ಒಂದಕ್ಷರ ಹೆಚ್ಚಾಗಿತ್ತು. ಸೇರಿದ ದಿನ ಅವಳು ಮೊದಲು ಕತ್ತರಿಸಿದ್ದು ತನ್ನನ್ನೇ: ಪಿ. ಕಮಲಾಕ್ಷಿ. ಪಿ ಎಂದರೆ ಪಂಚಾಕ್ಷರಿ. ಬೊಂಬಾಯಿಯ ಗಿರಣಿಯಲ್ಲಿ ಕೆಲಸ ಹಿಡಿದು ಕರೆಸಿಕೊಳ್ಳುತ್ತೇನೆ ಎಂದು ಹೋದ ಗಂಡ ಕರೆಸಿಕೊಳ್ಳಲಿಲ್ಲ. ಅವನ ಅಂಗಿಗಳು ಸವೆದು ಮಸಿಬಟ್ಟೆಯಾದವು. ಅವನ ಗುರುತು ಎಂದು ಉಳಿದದ್ದು ಕಾರ್ಡಿನ ಮೊದಲ ಮನೆಯಲ್ಲಿದ್ದ ಆ ತೂತು ಮಾತ್ರ.

ಹೊಸಹಳ್ಳಿಯ ವಠಾರದಲ್ಲಿ ಅವಳನ್ನು 'ಕೊನೇ ಮನೆಯವರು' ಎನ್ನುತ್ತಿದ್ದರು. ಸಂಜೆ ರಾಗಿ ಹೊಲಗಳ ನಡುವಿನ ಕಾಲುದಾರಿ ದಾಟಿ ಬರುವಾಗ, ಬೀದಿಯ ಅಂಗಡಿಗಳ ಬೋರ್ಡಿನ ಹೆಸರುಗಳ ಅಕ್ಷರಗಳನ್ನು ಅವಳ ಬೆರಳುಗಳು ಸೆರಗಿನೊಳಗೇ ಎಣಿಸುತ್ತಿದ್ದವು. ಬಾಗಿಲು ತೆರೆದರೆ ಬೆಳಿಗ್ಗೆ ಮಗುಚಿಟ್ಟ ಲೋಟ ಮಗುಚಿದಂತೆಯೇ ಇರುತ್ತಿತ್ತು.

ಒಂದು ಶನಿವಾರ ಗೇಟಿನ ಕಾವಲುಗಾರ ಒಬ್ಬ ಹೆಂಗಸನ್ನು ಕಾರ್ಡಿನ ಕೋಣೆಗೆ ಕರೆತಂದ. ಕುರುಬರಹಳ್ಳಿಯ ಬೋರಮ್ಮ. ತಗಡು ಒತ್ತುವ ಪ್ರೆಸ್ಸಿನಲ್ಲಿ ಹೊಸದಾಗಿ ಸೇರಿದ್ದ ಮುನಿವೆಂಕಟಪ್ಪನ ತಾಯಿ.

"ಹೆಸರು ಕುಯ್ಯೋರು ಯಾರು?"

"ನಾನೇಮ್ಮಾ."

ಬೋರಮ್ಮ ಅವಳ ಕೈಗಳನ್ನು ನೋಡಿದಳು. "ಮೆತ್ತಗವೆ. ಕುಡ್ಲು ಹಿಡ್ದ ಕೈಯಲ್ಲ. ಮತ್ಯಾಕವ್ವಾ ಹಿಂಗೆ ತಲೇಗೇ ಹಾಕ್ದೆ?"

ಕಮಲಾಕ್ಷಮ್ಮನಿಗೆ ತಿಳಿಯಿತು. ಸುತ್ತಲ ಹಳ್ಳಿಗಳಿಂದ ಬಂದವರಲ್ಲಿ ಬಹಳ ಮಂದಿ ಮುನಿಯಪ್ಪ, ಮುನಿರಾಮಯ್ಯ, ಮುನಿ ಇನ್ನೊಂದು. ಎಲ್ಲರ ಹೆಸರಲ್ಲೂ ಇರುವುದನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ ಎಂದು ಭಾವಿಸಿ, ಉದ್ದ ಹೆಸರುಗಳಿಂದ ಅವಳು ಮುನಿಯನ್ನು ತೆಗೆದುಹಾಕುತ್ತಿದ್ದಳು.

"ಮೂರು ಹೆತ್ತು ಮಣ್ಣಿಗಿಟ್ಟೆ. ಮುನೇಶ್ವರನ ಮರದ ಕೆಳಗೆ ಮಡ್ಲೊಡ್ಡಿ, ಇದೊಂದು ಉಳ್ಸು, ನಿನ್ನೆಸ್ರೇ ಮುಂದಿಟ್ಟು ಕರೀತೀನಿ ಅಂತ ಮಾತು ಕೊಟ್ಟೆ. ಬೈಯೋವಾಗ್ಲೂ ಪೂರ್ತಿ ಹೆಸ್ರು ಹಿಡ್ದೇ ಬೈತೀನಿ ಕಣವ್ವಾ. ಇಲ್ಲಿ ನೋಡಿದ್ರೆ ಎಲ್ರ ಮುಂದೆ ಬರೀ ವೆಂಕಟಪ್ಪ ಅಂತ ಕೂಗವ್ರೆ. ಕೂಗಿದ ವಾರಕ್ಕೇ ಹೆಬ್ಬೆಟ್ಟು ಜಜ್ಜೋಯ್ತು."

ಮೇಲ್ವಿಚಾರಕ ಚನ್ನಕೇಶವ ಮೇಜಿನಿಂದ ತಲೆಯೆತ್ತಿದ. ಸಂಬಳದ ದಿನ ಕವರು ಹಿಡಿದು ಹೆಸರು ಕೂಗುವವನು ಅವನೇ. "ಜಜ್ಜಿದ್ದು ಪ್ರೆಸ್ಸಮ್ಮಾ, ಹೆಸರಲ್ಲ."

"ನಿಂದೇನಪ್ಪ, ಹತ್ತು ಬೆರಳೂ ನೆಟ್ಟಗವೆ, ಹೇಳ್ತೀಯ. ಹೆಸ್ರು ಸರಿ ಆಗೋಗಂಟ ಅವ್ನನ್ನ ಕಳ್ಸಾಕಿಲ್ಲ."

"ಹಂಗಾಮಿ ಕೆಲಸ ಅವನ್ದು. ಸೋಮವಾರ ಬರ್ಲಿಲ್ಲ ಅಂದ್ರೆ ಬೇರೆಯವನನ್ನ ತಗೋತಾರೆ."

"ಗೊತ್ತು. ಅದ್ಕೇ ಗೇಟ್ನಾಗೆ ಕುಂತಿದ್ದೆ ಬೆಳಿಗ್ಗೆಯಿಂದ."

ಅವಳ ದನಿ ಅಲ್ಲಿ ಸ್ವಲ್ಪ ಒಡೆಯಿತು. ಕಮಲಾಕ್ಷಮ್ಮ ಹಳೆಯ ಕಾರ್ಡನ್ನು ಎದುರಿಗಿಟ್ಟುಕೊಂಡಳು. ತಂದೆ ಚಿಕ್ಕಣ್ಣ, ಮೊದಲ ಮನೆಯಲ್ಲಿ ಸಿ. ಬಾಲ ಕತ್ತರಿಸಿ ಸಿ. ಮುನಿವೆಂಕಟ ಎಂದರೆ ಹಿಡಿಸುತ್ತದೆ; ಆದರೆ ಆ ಹೆಸರಿನವನು ಆಗಲೇ ಒಬ್ಬ ಎರಕದ ಮನೆಯಲ್ಲಿದ್ದಾನೆ, ಕವರುಗಳು ಅದಲುಬದಲಾಗುತ್ತವೆ.

"ಹಿಡಿಸಿದಷ್ಟು ಹಾಕ್ರೀ," ಎಂದ ಚನ್ನಕೇಶವ. "ಮುನಿವೆಂಕಟಪ್. ಅಲ್ಲಿಗೆ ನಿಲ್ಸಿ."

"ಪ್?" ಬೋರಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. "ಸೊಳ್ಳೆ ಹೊಡ್ದಂಗೈತೆ! ಅಲ್ಲವ್ವಾ, ಮುಂದೆ ಇರೋ ಈ ಒಂಟಿ ತೂತು ಯಾರ್ದು?"

"ಅವನ ಅಪ್ಪಂದು."

"ಕುಣಿಗಲ್ ಸಂತೇಗೆ ಎತ್ತು ತರ್ತೀನಿ ಅಂತ ಹೋದೋನ್ದಾ? ಮಗೂಗೆ ಆಗ ಹಲ್ಲು ಬಂದಿರ್ಲಿಲ್ಲ. ಮೀಸೆ ಬಂದ್ರೂ ಎತ್ತು ಬರ್ಲಿಲ್ಲ." ಅವಳು ಕಾರ್ಡಿನ ತುದಿಯನ್ನು ಬೆರಳಿನಿಂದ ತಟ್ಟಿದಳು. "ಇದನ್ನ ತೆಗಿ. ಜಾಗ ಆಯ್ತದಾ?"

ಕಮಲಾಕ್ಷಮ್ಮ ಎಣಿಸಿದಳು. ಅಕ್ಷರವನ್ನೂ ಅದರ ಪಕ್ಕದ ಖಾಲಿಯನ್ನೂ ಬಿಟ್ಟರೆ ಹೆಸರು ಹದಿನಾಲ್ಕಕ್ಕೆ ಸರಿಯಾಗಿ ಕೂತಿತು.

"ಆಗುತ್ತೆ."

"ಏನ್ರೀ ಆಗೋದು?" ಚನ್ನಕೇಶವ ಎದ್ದು ಬಂದ. "ಮೊದಲಕ್ಷರ ಇಲ್ದೇ ಇದ್ರೆ ಯಾರ ಮಗ ಅಂತ ತಿಳಿಯೋದು ಹೇಗೆ?"

"ನನ್ನ ಮಗ ಕಣಪ್ಪ," ಎಂದಳು ಬೋರಮ್ಮ. "ಇಲ್ಲೇ ನಿಂತಿದೀನಲ್ಲ."

ಕಮಲಾಕ್ಷಮ್ಮ ಹೊಸ ಕಾರ್ಡು ತೆಗೆದು ಕೀಲಿಗಳನ್ನು ಒತ್ತಿದಳು. ಚನ್ನಕೇಶವ ಗೊಣಗಿದ, "ಇದೊಂದು ಸಲ," ಎಂದ, ಕಾರ್ಡನ್ನು ಉಳಿದವುಗಳ ಕಟ್ಟಿನೊಳಗೆ ಸೇರಿಸಿದ. ಬೋರಮ್ಮ ಮಡಿಲಿಂದ ಎರಡು ಸೀಬೆಹಣ್ಣು ತೆಗೆದು ಮೇಜಿನ ಮೇಲಿಟ್ಟು, "ಒಂದು ನಿಂಗೆ, ಇನ್ನೊಂದು ಮನೇಲಿರೋರ್ಗೆ," ಎಂದು ಹೊರಟುಹೋದಳು.

ಮನೆಯಲ್ಲಿ ಕಮಲಾಕ್ಷಮ್ಮ ಒಂದನ್ನು ತಿಂದಳು. ಇನ್ನೊಂದು ಗೂಡಿನಲ್ಲಿ ಹಳದಿಯಾಗುತ್ತಾ, ಕೋಣೆಯ ತುಂಬಾ ವಾಸನೆ ಬೀರುತ್ತಾ ಉಳಿಯಿತು. ಅದು ಮೆತ್ತಗಾಗತೊಡಗಿದ ಬೆಳಿಗ್ಗೆ ಅವಳು ಅದನ್ನೂ ತಿಂದಳು.

ಆ ದಿನ ಚನ್ನಕೇಶವ ಊಟಕ್ಕೆ ಹೋದಾಗ ಅವಳು ಕಟ್ಟಿನಿಂದ ತನ್ನ ಕಾರ್ಡನ್ನು ಎಳೆದಳು. ಬೆಳಕಿಗೆ ಹಿಡಿದರೆ ಪಂಚಾಕ್ಷರಿಯ ತೂತಿನೊಳಗಿಂದ ಕಿಟಕಿಯಾಚೆಯ ಆಕಾಶ ಚೂರೇ ಚೂರು ಕಾಣಿಸಿತು. ಹೊಸ ಕಾರ್ಡಿನಲ್ಲಿ ಅವಳು ತನ್ನ ಹೆಸರನ್ನು ಮೊದಲ ಮನೆಯಿಂದಲೇ ಶುರುಮಾಡಿದಳು. ಪೂರ್ತಿ ಹಿಡಿಸಿತು. ಕೊನೆಯಲ್ಲಿ ಒಂದು ಮನೆ ಮಿಕ್ಕಿತು. ಬೆರಳು ಕೀಲಿಗಳ ಮೇಲೆ ಸುಮ್ಮನೆ ನಿಂತಿತು. ಅಲ್ಲಿ ಹಾಕಲು ಏನೂ ಇರಲಿಲ್ಲ.

ಸಂಬಳದ ದಿನ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. "ಮುನಿವೆಂಕಟಪ್ಪ!" ಎಂದು ಕೂಗಿದಾಗ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡ ಹುಡುಗ ಮುಂದೆ ಬಂದ. ಗೇಟಿನಾಚೆ ನಿಂತಿದ್ದ ಬೋರಮ್ಮ ಕೈಮುಗಿದಳು.

ಇನ್ನಷ್ಟು ಕವರುಗಳಾದ ಮೇಲೆ ಚನ್ನಕೇಶವ ಕೂಗುವುದನ್ನು ನಿಲ್ಲಿಸಿ, ಕೈಯಲ್ಲಿದ್ದ ಕವರನ್ನು ನೋಡಿ, ಕನ್ನಡಕದ ಮೇಲಿಂದ ಸಾಲಿನಲ್ಲಿದ್ದ ಅವಳನ್ನು ನೋಡಿದ.

"ಕಮಲಾಕ್ಷಮ್ಮ," ಎಂದು ಮೆಲ್ಲಗೆ ಕೂಗಿದ.

ಆ ಅಂಗಳದಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಅವಳಿಗೇ ಅದು ತನ್ನ ಹೆಸರೆಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಸೆರಗು ಸರಿಮಾಡಿಕೊಂಡು ಒಬ್ಬಳೇ ಮುಂದೆ ನಡೆದಳು.